ಜೋಡಿ ಚಿಪ್ ಕಾರ್ಡು

“ನೋಡಿ ಸಾರ್, ಇದು ನಮ್ಮನೆ ಇಂಜಿನಿಯರ್ ಕಟ್ಟಿರೋ ಕಾಗೆಗೂಡು,” ಎಂದು ಭಾವ ಕಂಪ್ಯೂಟರ್ ಪೆಟ್ಟಿಗೆಯ ಮಗ್ಗುಲಿನ ಗಾಜಿನ ಬಾಗಿಲನ್ನು ಬೆರಳಿನ ಗೆಣ್ಣಿನಿಂದ ಕುಟ್ಟಿ ಒಳಗಿನ ವೈರುಗಳನ್ನು ತೋರಿಸಿದ. “ಒಂಬತ್ತನೇ ಕ್ಲಾಸಲ್ಲೇ ಸ್ಕೂಲಿಗೆ ಕೈಮುಗಿದು ಬಂದ ಕೈ ಅಲ್ವಾ, ಇನ್ನೇನು ಬರುತ್ತೆ? ಮೊಟ್ಟೆ ಒಂದು ಇಟ್ಟಿಲ್ಲ, ಅಷ್ಟೇ.”

ಬಿಲ್ಡರ್ ಹೊಟ್ಟೆ ಕುಲುಕಿಸಿ ನಕ್ಕ. ಅವನ ಜೊತೆಗೆ ಬಂದಿದ್ದ ಇಬ್ಬರು, ದೊಡ್ಡವರು ನಕ್ಕ ಮೇಲೆ ನಾವು ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ ಎಂಬಂತೆ, ಸ್ವಲ್ಪ ತಡವಾಗಿ ನಕ್ಕರು. ಕಂಪ್ಯೂಟರ್ ಇದ್ದ ಮೇಜಿನ ಹಿಂದೆ ಮಂಡಿಯೂರಿ ಪ್ಲಗ್ ಸರಿಮಾಡುತ್ತಿದ್ದ ಸಿಡುಕ ತಲೆ ಎತ್ತಲಿಲ್ಲ. ಕಿವಿ ಮಾತ್ರ ಕಾದ ಹೆಂಚಿನಂತಾಯಿತು.

ಸಿಡುಕ ಎಂಬುದು ಅಕ್ಕ ಇಟ್ಟ ಹೆಸರು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಓಡಾಡುವ ಹುಡುಗನಿಗೆ ಅವಳು ಮುದ್ದಿನಿಂದಲೇ ಇಟ್ಟಿದ್ದಳು. ಬೇರೆಯವರ ಬಾಯಿಗೆ ಬಿದ್ದ ಮೇಲೆ ಮುದ್ದು ಹೋಗಿ ಹೆಸರೊಂದೇ ಉಳಿಯಿತು. ಅಪ್ಪ ತೀರಿಕೊಂಡ ವರ್ಷ ಅವನು ಶಾಲೆ ಬಿಟ್ಟು ಕಂಪ್ಯೂಟರ್ ರಿಪೇರಿ ಅಂಗಡಿ ಸೇರಿದ. ಅಕ್ಕನ ಮದುವೆಯಾದ ಮೇಲೆ ಅವಳ ಮನೆಗೇ ಬಂದ. ಭಾವನದು ಮನೆಯ ಮುಂದಿನ ದೊಡ್ಡ ಕೋಣೆಯಲ್ಲೇ ಕೆಲಸ: ಇನ್ನೂ ಕಟ್ಟದ ಮನೆಗಳನ್ನು ಕಟ್ಟಿದ ಹಾಗೆ ಪರದೆಯ ಮೇಲೆ ತೋರಿಸುವುದು. ಮಾಡುವವಳು ಅಕ್ಕ, ಮಾತಾಡುವವನು ಭಾವ, ಯಂತ್ರಗಳನ್ನು ಜೀವಂತವಾಗಿ ಇಡುವವನು ಸಿಡುಕ. ಎದುರಿಗೆ ಭಾವನನ್ನು ಅವನು ‘ನೀವು’ ಎನ್ನುತ್ತಿದ್ದ. ಮನಸ್ಸಿನೊಳಗೆ ಬಹುವಚನಕ್ಕೆ ಜಾಗವಿರಲಿಲ್ಲ.

“ಹೊಸ ಗ್ರಾಫಿಕ್ಸ್ ಕಾರ್ಡ್ ತರಿಸ್ತಾ ಇದೀನಿ ಸಾರ್,” ಭಾವ ಮುಂದುವರಿಸಿದ. “ಒಂದೇ ಕಾರ್ಡಲ್ಲಿ ಎರಡು ಚಿಪ್. ನಿಮ್ಮ ಇಡೀ ಬಿಲ್ಡಿಂಗ್ ಊಟ ಮುಗಿಸೋದ್ರೊಳಗೆ ಪಿಕ್ಚರ್ ಆಗಿ ಬಂದ್ಬಿಡತ್ತೆ. ಆದ್ರೆ ಇವನ ಕೈಗೆ ಕೊಡಲ್ಲ. ಕಂಪನಿಯಿಂದಲೇ ಯಾರನ್ನಾದ್ರೂ ಕರೆಸ್ತೀನಿ.”

ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಕ್ಕ, “ಯಾರೂ ಬರೋದು ಬೇಡ ರೀ, ಅವನೇ ಹಾಕ್ತಾನೆ. ಅದಕ್ಕೆ ನಾನು ಜವಾಬ್ದಾರಿ,” ಎಂದಳು.

ಹೊರಗಿನವರೆದುರು ಅವಳು ಗಂಡನ ಮಾತಿಗೆ ಎದುರು ಹೇಳಿದ್ದು ಅದೇ ಮೊದಲು. ಭಾವನ ಮುಖ ಒಂದು ಕ್ಷಣ ಹುಳ್ಳಗಾಯಿತು, ಆಮೇಲೆ ನಕ್ಕ. “ಆಯ್ತಮ್ಮ. ನಿನ್ನ ತಮ್ಮ, ನಿನ್ನ ಪಾಡು.”

ಅವಳು ಹಾಗೆ ಹೇಳುವುದಕ್ಕೆ ಕಾರಣವಿತ್ತು. ಆ ಕಾರ್ಡು ಬಂದ ಮೊದಲ ವಾರ ಅವಳದು ಎಂದು ಭಾವ ಒಪ್ಪಿಕೊಂಡಿದ್ದ. ಎಷ್ಟೋ ಕಾಲ ಕೇಳಿ, ಮುನಿಸಿಕೊಂಡು, ಮತ್ತೆ ಕೇಳಿ ಗಿಟ್ಟಿಸಿಕೊಂಡ ವಾರ ಅದು. ಅಕ್ಕ ಕಂಪ್ಯೂಟರಿನಲ್ಲೇ ಒಂದು ಪುಟ್ಟ ಅನಿಮೇಶನ್ ಸಿನಿಮಾ ಮಾಡಿದ್ದಳು. ಅಡುಗೆ, ಬಿಲ್ಡರ್‌ಗಳ ಕೆಲಸ ಎಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ, ಕದ್ದ ಹಾಗೆ ಮಾಡಿದ್ದು. ಅದರಲ್ಲಿ ಇರುವವರು ಇಬ್ಬರೇ: ಹಳೆಯ ಕಟ್ಟಡವೊಂದರ ಲಿಫ್ಟ್ ನಡೆಸುವ ಮುದುಕ, ಒಂದು ದಿನ ಲಿಫ್ಟಿನೊಳಗೆ ಸಿಕ್ಕಿಕೊಂಡ ಪಾರಿವಾಳ. ಹೊಸಬರ ಸ್ಪರ್ಧೆಯೊಂದಕ್ಕೆ ಕಳಿಸಬೇಕಿತ್ತು. ಕೊನೆಯ ದಿನಾಂಕ ಹತ್ತಿರ ಬಂದಿತ್ತು. ಅದರ ಒಂದೊಂದು ಚಿತ್ರವನ್ನೂ ಯಂತ್ರ ಲೆಕ್ಕಹಾಕಿ ಬಿಡಿಸಬೇಕು; ಹಳೆಯ ಕಾರ್ಡಿನಲ್ಲಿ ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಹೊಸದರಲ್ಲಿ ಒಂದು ವಾರ ಸಾಕು.

ಲಿಫ್ಟಿನ ಮುದುಕ ಅಂದರೆ ಅಪ್ಪನೇ. ಆಯುಷ್ಯವಿಡೀ ಒಂದು ಸ್ಟೂಲಿನ ಮೇಲೆ ಕೂತು ಮಂದಿಯನ್ನು ಮೇಲೆ ಕೆಳಗೆ ಮಾಡಿದವನು. ಅವನದು ಇದ್ದದ್ದು ಒಂದೇ ಫೋಟೋ, ಕೆಲಸದ ಗುರುತಿನ ಚೀಟಿಯದು. ಅದರಲ್ಲಿ ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ಬಿಗಿದುಕೊಂಡಿದ್ದಾನೆ. ನಗುವ ಅಪ್ಪನನ್ನು ಅಕ್ಕ ನೆನಪಿನಿಂದಲೇ ತೆಗೆಯಬೇಕಾಯಿತು. ಸಿಡುಕ ಬೆನ್ನ ಹಿಂದೆ ನಿಂತು ತಪ್ಪು ಹಿಡಿಯುತ್ತಿದ್ದ.

“ಬಾಯಿ ಅಲ್ಲ ಕಣಕ್ಕ. ಅಪ್ಪ ನಗೋದು ಮೊದಲು ಭುಜದಲ್ಲಿ.”

“ಹೌದಲ್ವಾ! ಆಮೇಲೆ ಕಣ್ಣು.”

“ಎಡಗಣ್ಣು ಮಾತ್ರ. ಅದೂ ಒಂಚೂರು ಲೇಟಾಗಿ, ಬಲ್ಬ್ ಹೋಗೋ ಥರ.”

ಎಷ್ಟೋ ಸಂಜೆ ಆ ನಗು ಯಾರದೋ ಆಗಿಯೇ ಉಳಿಯಿತು. ಕೊನೆಗೊಂದು ಸಂಜೆ ಅಕ್ಕ ಏನನ್ನೋ ಕೂದಲೆಳೆಯಷ್ಟು ಸರಿಸಿದಳು. ಪರದೆಯ ಮೇಲಿನ ಮುದುಕ ಭುಜ ಕುಣಿಸಿದ, ಎಡಗಣ್ಣು ಮುಚ್ಚಿದ, ನಕ್ಕ. ಅಪ್ಪ. ಅಕ್ಕ ಮೌಸ್ ಬಿಟ್ಟು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡಳು. ಸಿಡುಕ ನೀರು ಕುಡಿದು ಬರುತ್ತೇನೆಂದು ಹೊರಗೆ ಹೋದವನು ತುಂಬಾ ಹೊತ್ತು ಒಳಗೆ ಬರಲಿಲ್ಲ.

“ಇದನ್ನ ಬೇರೆ ಕಡೆನೂ ಒಂದು ಕಾಪಿ ಇಡೋಣ ಕಣೋ,” ಎಂದು ಅಕ್ಕ ಆಮೇಲೆ ಅಂದಿದ್ದಳು.

“ಇಟ್ಟಿದೀನಲ್ಲ? ಇದೇ ಮಷೀನಲ್ಲಿ ಎರಡು ಡಿಸ್ಕ್. ಒಂದು ಹೋದ್ರೆ ಇನ್ನೊಂದು. ನಾನಿರೋವಾಗ ನಿಂಗೆ ಯಾಕೆ ಯೋಚನೆ?”

ಅವಳು ಯೋಚನೆ ಬಿಟ್ಟಳು.

ಬಿಲ್ಡರ್ ಹೊರಟುಹೋದ ಸಂಜೆಯೇ ಸಿಡುಕ ಯಂತ್ರವನ್ನು ಮಲಗಿಸಿ ಬಿಚ್ಚಿದ. ಕಾಗೆಗೂಡಂತೆ! ಹಲ್ಲು ಕಚ್ಚಿಕೊಂಡು ಒಂದೊಂದೇ ವೈರನ್ನು ಬಿಡಿಸಿದ. ಉದ್ದನೆಯ ಕಾರ್ಡಿಗೆ ಜಾಗ ಬೇಕೆಂದರೆ ಡಿಸ್ಕುಗಳು ಕೂತಿದ್ದ ಮುಂದಿನ ತಗಡಿನ ಗೂಡು ಹೋಗಲೇಬೇಕು. ಅದರ ರಿವೆಟ್ಟುಗಳನ್ನು ಡ್ರಿಲ್ಲಿನಿಂದ ಕೊರೆದು ಕಿತ್ತ. ತಗಡಿನ ಪುಡಿ ಒಳಗೆ ಬೀಳದ ಹಾಗೆ ಮದರ್‌ಬೋರ್ಡನ್ನು ಮೊದಲೇ ಕಳಚಿಟ್ಟಿದ್ದ. ಆದರೂ ಒದ್ದೆ ಬಟ್ಟೆಯಿಂದ ಮೂಲೆ ಮೂಲೆ ಒರೆಸಿದ. ಡಿಸ್ಕುಗಳು ಎರಡನ್ನೂ ಬೋರ್ಡಿನ ಬೆನ್ನ ಹಿಂದೆ, ಯಾರ ಕಣ್ಣಿಗೂ ಬೀಳದ ಸಂದಿಯಲ್ಲಿ ಕೂರಿಸಿದ. ಅವುಗಳ ಕೇಬಲನ್ನು ಅಂಚಿನಗುಂಟ ಎಳೆದು ಬೆರಳಗಲಕ್ಕೊಂದರಂತೆ ಪ್ಲಾಸ್ಟಿಕ್ ಪಟ್ಟಿ ಬಿಗಿದು ಬಾಲ ಕತ್ತರಿಸಿದ. ಹೆಣೆದ ಜಡೆಯೂ ಅಷ್ಟು ನೀಟಾಗಿರುವುದಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು ತಾನೇ ಹಿಗ್ಗಿಸಿ ನೋಡಿದ. ಯಾರಿಗಾದರೂ ತೋರಿಸಬೇಕೆನಿಸಿತು. ತೋರಿಸಬೇಕಾದವನಿಗೆ ಬಾಗಿಲಿನ ಗಾಜು ಕುಟ್ಟಲು ಮಾತ್ರ ಬರುತ್ತಿತ್ತು.

ಕಾರ್ಡು ಬಂದಾಗ ಮನೆಯವರೆಲ್ಲ ಸುತ್ತ ನಿಂತರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಅಳೆದರೂ ಸಾಲದ ಉದ್ದ, ಇಟ್ಟಿಗೆಯ ತೂಕ. ಒಂದು ಕಡೆಯಿಂದ ಎರಡು ಕೊಳವೆ ಹೊರಟು ರೇಡಿಯೇಟರಿಗೆ ಸೇರುತ್ತಿದ್ದವು. ಎರಡು ಚಿಪ್ಪುಗಳ ಶಾಖವನ್ನು ನೀರಿನಲ್ಲಿ ಸಾಗಿಸಿ ಹೊರಗೆ ಊದಲು.

“ಇದೇನೋ ಕಾರಿಗೆ ಹಾಕೋದು ಕಳಿಸಿಬಿಟ್ಟಿದಾರಾ?” ಎಂದಳು ಅಕ್ಕ.

“ಕರೆಂಟು ಕುಡಿಯೋದ್ರಲ್ಲಿ ಕಾರಿಗಿಂತ ಮೇಲೆ,” ಎಂದ ಸಿಡುಕ. “ಇದೊಂದೇ ಐನೂರು ವಾಟ್ ಕೇಳುತ್ತೆ. ಮಷೀನೊಳಗಿರೋ ಹಳೇ ಪವರ್ ಬಾಕ್ಸಿಗೆ ತೋರಿಸಿದ್ರೆ ಅದು ಅಲ್ಲೇ ಕಣ್ಣು ಮುಚ್ಚುತ್ತೆ. ಬಾಕ್ಸೂ ಹೊಸದು ಬೇಕು. ಗೋಡೆದು ಲೈನೂ ಬೇರೆ ಬೇಕು. ಈಗ ಇದೇ ಲೈನಲ್ಲಿ ಏಸಿ ಓಡ್ತಾ ಇದೆ, ನಿನ್ನ ಇಸ್ತ್ರಿ ಪೆಟ್ಟಿಗೆನೂ ಇದರಲ್ಲೇ. ಯುಪಿಎಸ್ ಅಂತೂ ಇದನ್ನ ಹೊರಲ್ಲ.”

“ಶುರು ಆಯ್ತು ಇವನ ಪುರಾಣ,” ಎಂದು ಭಾವ ಗೊಣಗಿದ. ಆದರೂ ಹೊಸ ಬಾಕ್ಸಿಗೆ ಹೇಳಿದ, ವೈರ್‌ಮನ್‌ನನ್ನು ಕರೆಸಿದ. ವೈರ್‌ಮನ್ ಮೀಟರ್ ಬೋರ್ಡಿನಿಂದ ದಪ್ಪ ವೈರು ಎಳೆದು, ಅರ್ಥಿಂಗ್ ಪರೀಕ್ಷಿಸಿ, ದೊಡ್ಡ ಸಾಕೆಟ್ಟು ಕೂರಿಸಿದ. “ಯಾವ ಫ್ಯಾಕ್ಟರಿ ಹಾಕ್ತಾ ಇದೀರಪ್ಪ?” ಎಂದು ಕೇಳಿದ. ಇಡೀ ಮನೆಗೆ ಭಯವಿದ್ದದ್ದು ಕಾರ್ಡಿನದೇ. ಅದಕ್ಕೆ ಕರೆಂಟು ಸಾಲದೆ ಹೋದರೆ? ಬಾಗಿದರೆ? ಕಾದು ಸುಟ್ಟರೆ? ಸಿಡುಕನಿಗೂ ಅಷ್ಟೇ. ಅಕ್ಕನ ಜವಾಬ್ದಾರಿ ಅಂದರೆ ಆ ಕಾರ್ಡು ಎಂದು ಅವನು ಅಂದುಕೊಂಡಿದ್ದ.

ಹಾಕುವ ದಿನ ಅಕ್ಕ ಬೆಳಿಗ್ಗೆಯೇ ಹೊರಟು ನಿಂತಳು. ಅಪ್ಪ ಕೆಲಸ ಮಾಡಿದ್ದ ಕಟ್ಟಡದಲ್ಲಿ ಹಳೆಯ ಲಿಫ್ಟು ಇನ್ನೂ ಇತ್ತು; ಅದರ ಜಾಲರಿ ಬಾಗಿಲಿನ ಸದ್ದನ್ನು ಮೊಬೈಲಿನಲ್ಲಿ ಹಿಡಿದು ತರಬೇಕಂತೆ. “ಬರೋಷ್ಟರಲ್ಲಿ ಮುಗಿದಿರತ್ತೇನೋ?” ಎಂದಳು ಚಪ್ಪಲಿ ಮೆಟ್ಟುತ್ತ.

“ನೀನು ಬಂದು ಬಟನ್ ಒತ್ತು, ಸಾಕು.”

“ಬೈಕೋಬೇಡ ಯಾರನ್ನೂ. ಮಷೀನನ್ನೂ.”

ಕೆಲಸ ಸಲೀಸಾಗಿ ಸಾಗಿತು. ಹಳೆಯ ಬಾಕ್ಸು ಹೊರಗೆ, ಹೊಸದು ಒಳಗೆ. ಬೋರ್ಡಿಗೆ ಹೋಗುವ ದಪ್ಪ ಕೇಬಲ್ ಹೊಸದು ಹಾಕಿದ. ಕಾರ್ಡಿಗೆ ಎಂಟು ಪಿನ್ನಿನ ಎರಡು ಕೇಬಲ್ಲು, ಅವೂ ಹೊಸವೇ. ಒಂದೇ ಕೇಬಲ್ಲಿನ ಎರಡು ಕವಲಿಗೆ ಅಷ್ಟು ಭಾರ ಹೊರಿಸಬಾರದೆಂದು ಬೇರೆ ಬೇರೆಯಾಗಿ ಎಳೆದ. ರೇಡಿಯೇಟರನ್ನು ಹಿಂದಿನ ಫ್ಯಾನಿನ ಜಾಗಕ್ಕೆ ತಿರುಪು ಹಾಕಿ ನಿಲ್ಲಿಸಿದ, ಕೊಳವೆ ಮುರಿಯದಂತೆ ಬಾಗಿಸಿದ. ಕಾರ್ಡಿನ ಮೂತಿ ತೂಕಕ್ಕೆ ಜೋಲದಿರಲೆಂದು ಕೆಳಗೆ ಒಂದು ಅಲ್ಯೂಮಿನಿಯಂ ಕಡ್ಡಿಯ ಊರುಗೋಲು ಕೊಟ್ಟ.

ಇನ್ನು ಉಳಿದಿದ್ದು ಹಿಂಬದಿಯ ಡಿಸ್ಕುಗಳ ಕೇಬಲ್ಲು.

ಅವನಿಗೆ ಗೊತ್ತಿತ್ತು. ರಿಪೇರಿ ಅಂಗಡಿಯ ಯಜಮಾನರು ಮೊದಲ ವಾರವೇ ಹೇಳಿಕೊಟ್ಟ ಮಾತದು: ಬಾಕ್ಸ್ ಬದಲಾದರೆ ಅದರ ಕೇಬಲ್ಲೂ ಪೂರ್ತಿ ಬದಲಾಗಬೇಕು. ಡಿಸ್ಕಿಗೆ ಸಿಕ್ಕಿಸುವ ತುದಿ ಎಲ್ಲ ಕಂಪನಿಯದೂ ಒಂದೇ. ಬಾಕ್ಸಿಗೆ ಸಿಕ್ಕಿಸುವ ತುದಿಯೂ ನೋಡಲು ಒಂದೇ, ಕೂರುವುದೂ ಸಲೀಸಾಗಿಯೇ. ಒಳಗೆ ಯಾವ ಪಿನ್ನಿನಲ್ಲಿ ಐದು ವೋಲ್ಟು, ಯಾವುದರಲ್ಲಿ ಹನ್ನೆರಡು ಎಂಬುದು ಮಾತ್ರ ಅವರವರ ಇಷ್ಟ. ಆ ಕೆಲಸದಲ್ಲಿ ಇರುವವರಿಗೆಲ್ಲ ಬಾಯಿಪಾಠವಾದ ಸಂಗತಿ. ತನಗಿಂತ ಕಿರಿಯರಿಗೆ ಅವನೇ ಕಣ್ಣು ಕೆಂಪಗೆ ಮಾಡಿಕೊಂಡು ಹೇಳಿಕೊಟ್ಟಿದ್ದ.

ಹೊಸ ಕೇಬಲ್ಲನ್ನು ಚೀಲದಿಂದ ತೆಗೆದ. ಕಟ್ಟರ್ ಕೈಗೆ ತೆಗೆದುಕೊಂಡು ಮೊದಲ ಪ್ಲಾಸ್ಟಿಕ್ ಪಟ್ಟಿಗೆ ಹಚ್ಚಿದ. ಅಷ್ಟರಲ್ಲಿ ಗೇಟಿನ ಸದ್ದಾಯಿತು, ಮೆಟ್ಟಿಲ ಬಳಿ ಬಿಲ್ಡರನ ನಗು ಕೇಳಿಸಿತು. “ಬನ್ನಿ ಸಾರ್, ಇವತ್ತೇ ಹಾಕ್ತಾ ಇದಾನೆ. ನೋಡೋಣ, ಈ ಸಲ ಯಾವ ಹಕ್ಕಿದು ಗೂಡೋ!” ಎಂದ ಭಾವ.

ಕಟ್ಟರು ಅಲ್ಲೇ ನಿಂತಿತು. ಇಷ್ಟೂ ಪಟ್ಟಿಗಳನ್ನು ಕತ್ತರಿಸಿದರೆ ವೈರುಗಳು ಕರುಳಿನ ಹಾಗೆ ಹೊರಗೆ ಬೀಳುತ್ತವೆ. ಇವರು ಒಳಗೆ ಬರುವುದೂ ಅದೇ ಹೊತ್ತಿಗೆ. ಗಾಜು ಕುಟ್ಟುವ ಆ ಬೆರಳಿನ ಗೆಣ್ಣು ಅವನ ಕಣ್ಣೆದುರು ಬಂತು. ಹೊಸ ಕೇಬಲ್ಲನ್ನು ಚೀಲಕ್ಕೆ ತುರುಕಿದ. ಹೆಣೆದ ಜಡೆಯಂತೆ ಬಿದ್ದಿದ್ದ ಹಳೆಯ ಕೇಬಲ್ಲಿನ ತುದಿಯನ್ನು ಹೊಸ ಬಾಕ್ಸಿಗೆ ಹಿಡಿದ. ಟಕ್ ಎಂದು ಕೂತಿತು. ಅದು ಕೂರದೆ ಹಟ ಮಾಡಿದ್ದರೆ, ಒಂದೇ ಒಂದು ಪಿನ್ನು ಅಡ್ಡ ಬಂದಿದ್ದರೆ, ಅವನಿಗೆ ಬುದ್ಧಿ ಬರುತ್ತಿತ್ತೇನೋ. ಹಿಂಬದಿಯ ತಗಡು ಮುಚ್ಚಿ ತಿರುಪು ಬಿಗಿದ.

“ಹ್ಞೂಂ, ಏನಪ್ಪಾ ಇಂಜಿನಿಯರ್?” ಭಾವ ಒಳಗೆ ಬಂದು ಗಾಜಿನ ಬಾಗಿಲಿಗೆ ಬಗ್ಗಿದ. ಹುಡುಕಿದ. ಕುಟ್ಟಲು ಏನೂ ಸಿಗಲಿಲ್ಲ. “ಪರವಾಗಿಲ್ವೇ! ಹಾಕು ನೋಡೋಣ.”

ಅಕ್ಕ ಬಂದು ಒತ್ತಲಿ ಎಂದು ಸಿಡುಕ ಹೇಳಬಹುದಿತ್ತು. ಆದರೆ ಹಟ ಅವನ ಬೆರಳನ್ನೇ ಬಟನ್ನಿನತ್ತ ತಳ್ಳಿತು.

ಫ್ಯಾನುಗಳು ಎದ್ದವು. ಕಾರ್ಡಿನ ಮೈಮೇಲೆ ಬಿಳಿ ದೀಪ ಹತ್ತಿತು, ನೀರಿನ ಪಂಪು ಗುಯ್‌ಗುಟ್ಟಿತು. ಬಿಲ್ಡರ್ “ಆಹಾ” ಎಂದ. ಪರದೆಯ ಮೇಲೆ ಕಪ್ಪು ಹಿನ್ನೆಲೆಯಲ್ಲಿ ಒಂದು ಬಿಳಿ ಸಾಲು ಮೂಡಿತು: ಡಿಸ್ಕ್ ಸಿಗುತ್ತಿಲ್ಲ. ಹಿಂಬದಿಯಿಂದ ಒಂದು ಸಣ್ಣ ವಾಸನೆ ಬಂತು, ಬಾಣಲೆಗೆ ಪ್ಲಾಸ್ಟಿಕ್ ಚಮಚ ತಾಗಿದಾಗ ಬರುವಂಥದು. ಉಳಿದವರ ಮೂಗಿಗೆ ಅದು ತಲುಪಲೇ ಇಲ್ಲ. ಸಿಡುಕನಿಗೆ ತಲುಪಿತು.

ಪ್ಲಗ್ ಕಿತ್ತ. ಹಿಂಬದಿ ಬಿಚ್ಚಿದ. ಪಟ್ಟಿಗಳನ್ನು ಈಗ ಕತ್ತರಿಸಿದ, ಬೆರಳು ಕತ್ತರಿಸಿಕೊಳ್ಳುವ ಹಾಗೆ. ಡಿಸ್ಕು ಎರಡೂ ಬೆಚ್ಚಗಿದ್ದವು. ಪಕ್ಕದ ಕಂಪ್ಯೂಟರಿಗೆ ಒಂದನ್ನು ಸಿಕ್ಕಿಸಿದ: ಇಲ್ಲ. ಇನ್ನೊಂದನ್ನು ಸಿಕ್ಕಿಸಿದ: ಇಲ್ಲ. ಎರಡಕ್ಕೂ ಒಂದೇ ಕೇಬಲ್ಲು. ಒಂದು ಹೋದರೆ ಇನ್ನೊಂದಿದೆ ಎಂದು ಅಂದದ್ದು ಅವನೇ. ಐದು ವೋಲ್ಟು ಬರುತ್ತದೆಂದು ನಂಬಿ ಕೂತಿದ್ದವಕ್ಕೆ ಹನ್ನೆರಡು ನುಗ್ಗಿತ್ತು, ಎರಡಕ್ಕೂ ಒಟ್ಟಿಗೆ.

“ಏನಾಯ್ತೋ? ಕಾರ್ಡ್ ಹೋಯ್ತಾ?” ಭಾವನ ದನಿ ಚೂಪಾಯಿತು.

“ಕಾರ್ಡಿಗೇನೂ ಆಗಿಲ್ಲ. ಡಿಸ್ಕು.”

“ಡಿಸ್ಕ್ ತಾನೆ? ಜೀವ ಬಾಯಿಗೆ ಬಂದಿತ್ತು ಕಣೋ! ಆ ಇನ್ನೊಂದು ಮಷೀನಿನ ಡಿಸ್ಕ್ ತೆಗೆದು ಹಾಕು, ಸಾರ್‌ಗೆ ತೋರಿಸೋಣ.”

ಸಿಡುಕ ಹೊಸ ಕೇಬಲ್ಲಿನಿಂದಲೇ ಹಾಕಿದ. ಯಂತ್ರ ಎದ್ದು ಕೂತಿತು. ಎರಡು ಚಿಪ್ಪುಗಳೂ ಅಣ್ಣತಮ್ಮಂದಿರ ಹಾಗೆ ಒಂದರ ಕೆಳಗೊಂದು ಪರದೆಯ ಮೇಲೆ ಬಂದವು. ಬಿಲ್ಡರನ ಕಟ್ಟಡ ಗರಗರ ತಿರುಗಿತು, ಕಿಟಕಿಯ ಗಾಜುಗಳಲ್ಲಿ ಮೋಡಗಳು ಓಡಿದವು. ಬಿಲ್ಡರ್ ಚಪ್ಪಾಳೆ ತಟ್ಟಿದ. ಅವನ ಕೆಲಸದ ಕಡತಗಳೆಲ್ಲ ಅವನ ಆಫೀಸಿನಲ್ಲೂ ಇದ್ದವು, ಭಾವನ ಲ್ಯಾಪ್‌ಟಾಪಿನಲ್ಲೂ ಇದ್ದವು. ಯಾರೂ ಕೇಳದ ಲಿಫ್ಟಿನ ಮುದುಕ ಮಾತ್ರ ಸಿಡುಕನ ಪ್ಯಾಂಟಿನ ಎರಡು ಜೇಬುಗಳಲ್ಲಿ ಇನ್ನೂ ಬೆಚ್ಚಗೆ ಇದ್ದ.

“ಭಾವ, ಅಕ್ಕನ ಸಿನಿಮಾ ಅದರಲ್ಲೇ ಇತ್ತು. ಎರಡರಲ್ಲೂ.”

ಭಾವ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಇನ್ನೊಂದ್ಸಲ ಮಾಡ್ತಾಳೆ ಬಿಡೋ. ಅವಳಿಗೆ ಕೈ ಪಳಗಿದೆ. ಹೆಂಗೂ ಮುಂದಿನ ವಾರ ಸಾರ್‌ದು ಅರ್ಜೆಂಟ್ ಇದೆ.”

ಇನ್ನೊಂದು ಸಲ! ಸಿಡುಕನಿಗೆ ಆ ಊರುಗೋಲಿನ ಕಡ್ಡಿಯನ್ನೇ ಕಿತ್ತು ಹೊಡೆಯಬೇಕೆನಿಸಿತು. ಆದರೆ ಹೊಡೆಯುವುದು ಯಾರನ್ನು? ಗೂಡು ಎಂದವನು ಭಾವ. ಕೇಬಲ್ಲು ಸಿಕ್ಕಿಸಿದ ಕೈ ತನ್ನದು. ಇಷ್ಟು ದಿನ ಸಿಟ್ಟಿಗೆ ಒಂದು ದಿಕ್ಕಾದರೂ ಇತ್ತು. ಅವನು ಯಾರಿಗೂ ಹೇಳದೆ ಬಸ್ಸು ಹತ್ತಿದ.

ರಿಪೇರಿ ಅಂಗಡಿಯಲ್ಲಿ ಯಜಮಾನರು ಎರಡೂ ಡಿಸ್ಕಿನ ಕವಚ ಬಿಚ್ಚಿ, ಬೆಳಕಿನ ಕೆಳಗೆ ಭೂತಗನ್ನಡಿ ಹಿಡಿದರು. ಮುಖ್ಯ ಚಿಪ್ಪಿನ ನೆತ್ತಿಯಲ್ಲಿ ಸೂಜಿ ಚುಚ್ಚಿದಂಥ ತೂತು. ಇನ್ನೊಂದರಲ್ಲೂ ಹಾಗೇ. ಅದರ ಪಕ್ಕದಲ್ಲಿ, ಎಲ್ಲ ಬರೆದಿಟ್ಟುಕೊಳ್ಳುವ ಚಿಪ್ಪುಗಳ ಮೇಲೂ ಕಂದು ಬಣ್ಣ ಹಬ್ಬಿತ್ತು.

“ಬಾಕ್ಸ್ ಚೇಂಜ್ ಮಾಡಿದ್ಯಾ?” ಎಂದರು.

ಅವನು ತಲೆಯಾಡಿಸಿದ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಅವನಿಗೆ ತಿರುಗಿ ಬೈಯಲು ಬರುತ್ತಿತ್ತು. ಭೂತಗನ್ನಡಿಯನ್ನು ಬಟ್ಟೆಯಿಂದ ಒರೆಸುತ್ತ, “ಹಳೇ ತಿರುಗೋ ಡಿಸ್ಕ್ ಆಗಿದ್ರೆ ಮೇಲಿನ ಬೋರ್ಡ್ ಬದಲಾಯಿಸಿ ಒಂದು ಕೈ ನೋಡಬಹುದಿತ್ತು ಮರಿ. ಇದರಲ್ಲಿ ಏನೂ ಉಳಿದಿಲ್ಲ. ಯಾರ ಹತ್ರ ತಗೊಂಡು ಹೋದ್ರೂ ಇದೇ ಹೇಳ್ತಾರೆ. ಸುಮ್ನೆ ಆಸೆ ಇಟ್ಕೊಂಡು ಓಡಾಡಬೇಡ,” ಎಂದರು.

“ಸ್ವಲ್ಪನಾದ್ರೂ? ಒಂದು ಚೂರು? ಒಂದು ನಗು ಇದೆ ಅದರಲ್ಲಿ, ಯಜಮಾನ್ರೇ. ಅದೊಂದು ಸಿಕ್ಕಿದ್ರೂ ಸಾಕು.”

ಅವರಿಗೆ ಏನೆಂದು ಅರ್ಥವಾಗಲಿಲ್ಲ. ಡಿಸ್ಕುಗಳನ್ನು ಒಂದು ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟರು.

ವಾಪಸು ನಡೆದೇ ಬಂದ. ದಾರಿಯುದ್ದಕ್ಕೂ ಅಪ್ಪನ ನಗುವನ್ನು ನೆನಪಿಗೆ ತಂದುಕೊಳ್ಳಲು ಹೆಣಗಿದ. ಭುಜ, ಆಮೇಲೆ ಎಡಗಣ್ಣು. ಬರುತ್ತಿದ್ದದ್ದು ಅಪ್ಪನಲ್ಲ, ಪರದೆಯ ಮೇಲಿನ ಆ ಮುದುಕ. ಅಕ್ಕ ಕೆತ್ತಿದ್ದು ಎಷ್ಟು ಸರಿಯಾಗಿತ್ತೆಂದರೆ ಅದಕ್ಕೆ ಮುಂಚೆ ಇದ್ದದ್ದನ್ನು ಅದು ಒರೆಸಿಹಾಕಿತ್ತು. ಈಗ ಅದೂ ಇಲ್ಲ. ರಸ್ತೆ ದಾಟುವಾಗ ಯಾವನೋ ಹಾರ್ನ್ ಬಾರಿಸಿ ಬೈದ. ಸಿಡುಕ ಅವನಿಗೆ ದಾರಿ ಬಿಟ್ಟು ನಿಂತ. ಹಾಗೆ ಅವನು ಯಾರಿಗೂ ಬಿಟ್ಟವನಲ್ಲ.

ಅಕ್ಕ ಗೇಟಿನ ಬಳಿಯೇ ಕಾಯುತ್ತಿದ್ದಳು. ಒಳಗೆ ಬಿಲ್ಡರನ ಮಂದಿಯ ಮಾತು ನಡೆದಿತ್ತು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

“ಎಲ್ಲಿಗೋ ಹೋಗಿದ್ದೆ? ಕಾರ್ಡ್ ಓಡ್ತಾ ಇದೆಯಂತೆ! ಇವರು ಎಲ್ಲರೆದುರಿಗೂ ನಿನ್ನ ಹೊಗಳ್ತಾ ಇದಾರೆ ಕಣೋ, ನಂಗೇ ನಂಬಕ್ಕಾಗ್ಲಿಲ್ಲ. ಇರು, ಇದನ್ನ ಕೇಳು ಮೊದಲು.” ಮೊಬೈಲನ್ನು ಅವನ ಕಿವಿಗೆ ಹಿಡಿದಳು. ಜಾಲರಿ ಬಾಗಿಲು ಕಿರ್ರನೆ ಎಳೆದುಕೊಂಡು ಖಟಾರ್ ಎಂದು ಬಿತ್ತು. “ಅದೇ ಬಾಗಿಲು. ಎಣ್ಣೆನೂ ಹಾಕಿಲ್ಲ ಇನ್ನೂ. ಇವತ್ತು ಸಂಜೆನೇ ಶುರು ಮಾಡ್ತೀನಿ, ಆಯ್ತಾ? ಮೊದಲು ನಗೋ ಸೀನು.”

ಅವನು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಅವಳ ಅಂಗೈಯಲ್ಲಿಟ್ಟ. ಅವಳು ಬಿಚ್ಚಿದಳು. ಕವಚ ಕಳಚಿದ ಎರಡು ಹಸಿರು ಪಟ್ಟಿಗಳು. ಒಂದು ಗಳಿಗೆ ಏನೂ ತಿಳಿಯಲಿಲ್ಲ ಅವಳಿಗೆ; ಆಮೇಲೆ ತಿಳಿಯಿತು. ಸುಟ್ಟ ಜಾಗವನ್ನು ಹೆಬ್ಬೆರಳಿನಿಂದ, ಧೂಳು ಇರಬೇಕು ಎಂಬಂತೆ, ಎರಡು ಸಲ ಒರೆಸಿದಳು.

“ಎರಡೂನಾ?”

“ಎರಡೂ ಕಣಕ್ಕ.”

ಅಕ್ಕ ಬಾಗಿಲಿನ ಕಡೆ ತಿರುಗಿ ನೋಡಿ, ದನಿ ತಗ್ಗಿಸಿದಳು. ಒಳಗಿದ್ದವರು ಇವರನ್ನು ಕರೆಯುತ್ತಿದ್ದರು. “ಕರೆಂಟಿಂದ ಆಗಿದ್ದು ತಾನೆ? ಆ ವೈರ್‌ಮನ್ ಏನೋ ಎಡವಟ್ಟು ಮಾಡಿರ್ತಾನೆ. ಇಲ್ಲ, ಡಿಸ್ಕೇ ಹಳೇದಾಗಿತ್ತು, ತಾನಾಗೇ ಹೋಯ್ತು. ಅಲ್ವೇನೋ? ನಿನ್ನ ಕೈಯಿಂದ ಆಗಿದ್ದಲ್ಲ ಅಂತ ಒಂದು ಮಾತು ಹೇಳು. ಅಷ್ಟು ಸಾಕು ನಂಗೆ. ಆಮೇಲೆ ನಾನು ಯಾರಿಗೆ ಬೇಕಾದ್ರೂ ಹೇಳ್ಕೋತೀನಿ.” ಅವನ ತೋಳು ಹಿಡಿದುಕೊಂಡಳು. “ಹೇಳೋ.”

ಅವನು ಮೆಲ್ಲಗೆ ತೋಳು ಬಿಡಿಸಿಕೊಂಡ. ಗೇಟನ್ನು ಸದ್ದಾಗದಂತೆ ಎಳೆದು, ಬಂದ ದಾರಿಯಲ್ಲೇ ನಡೆದುಹೋದ.